ಹೆರುವ ಕಣಿವೆಯ ಸೊನ್ನೆ

ರಾವ್ನಾಳಿಗೆ ಸಿಟ್ಟು ಬಂದರೆ ಮೊದಲು ಮೇಲ್ದುಟಿಯ ಅಡಿಯಲ್ಲಿಟ್ಟ ಹೊಗೆಸೊಪ್ಪನ್ನು ಬೆರಳಲ್ಲಿ ಕೆರೆದು ತೆಗೆದು ಹಿಮದ ಮೇಲೆ ಎಸೆಯುತ್ತಾಳೆ. ಮಾತು ಆಮೇಲೆ. ಈ ಎರಡರ ನಡುವೆ ಓಡಿಹೋಗುವಷ್ಟು ಪುರುಸೊತ್ತು ಇರುತ್ತದೆ ಎಂದು ಅವಳ ತಮ್ಮ ಆಂತೆ ಹೇಳುತ್ತಾನೆ. ಅವನು ಇಷ್ಟು ವರ್ಷ ಬದುಕಿ ಉಳಿದದ್ದೇ ಹಾಗಂತೆ.

ನಾನು ಅವಳನ್ನು ಮೊದಲು ಕಂಡಾಗ ನಾವಿಬ್ಬರೂ ಒಂದೇ ಸರಪಳಿಯಲ್ಲಿದ್ದೆವು. ನಾರ್ವೆಯವರು ನದಿಗೆ ಅಡ್ಡಗಟ್ಟೆ ಕಟ್ಟಲು ಬಂದಿದ್ದರು. ಸ್ವೀಡನ್-ನಾರ್ವೆ ಗಡಿಯ ಎರಡೂ ಕಡೆ ಹಿಮಸಾರಂಗ ಮೇಯಿಸುವ ನಾವು ಸಾಮಿ ಜನ ಚಳಿಗಾಲದಲ್ಲಿ ಮೈಗೆ ಸರಪಳಿ ಬಿಗಿದುಕೊಂಡು ರಸ್ತೆಗೆ ಅಡ್ಡ ಕೂತಿದ್ದೆವು. ಪೊಲೀಸರು ಕಬ್ಬಿಣ ಕತ್ತರಿಸಲು ಶುರುಮಾಡಿದಾಗ ಅವಳು, "ಮೆತ್ತಗೆ ಕಣಯ್ಯಾ, ಅದು ನಮ್ಮಪ್ಪ ದೋಣಿ ಕಟ್ಟೋ ಸರಪಳಿ, ವಾಪಸ್ ಬೇಕು" ಎಂದಿದ್ದಳು. ಕಟ್ಟೆ ಬಂತು, ಸರಪಳಿ ಬರಲಿಲ್ಲ. ನನ್ನಂಥವರು ಆಮೇಲೆ ಸಂಘ, ಸಭೆ, ನಿರ್ಣಯ ಎಂದು ಊರೂರು ಸುತ್ತಿ ಹೊಟ್ಟೆ ಬೆಳೆಸಿದೆವು. ಅವಳು ಸ್ವೀಡನ್ ಕಡೆಯ ತನ್ನ ಹಿಂಡಿಗೆ ಹೋದಳು. ಹೈಕ್ಕಾ ಎಂಬವನನ್ನು ಮದುವೆಯಾದಳು, ಅವನು ಕೆರೆಯ ಮಂಜುಗಡ್ಡೆ ಒಡೆದು ಮುಳುಗಿ ಸತ್ತ, ಇವಳು ಮಾರನೆಯ ವಾರವೇ ಹಿಂಡಿನ ಹಿಂದೆ ಹೋದಳು. ಹಿಂಡಿಗೆ ಸೂತಕ ಗೊತ್ತಿಲ್ಲ, ಹೊಟ್ಟೆ ಗೊತ್ತು.

ಆ ಹಿಂಡು ಎಷ್ಟು ದೊಡ್ಡದು ಎಂದು ನಾನು ಹೇಳುವುದಿಲ್ಲ. ನಮ್ಮಲ್ಲಿ ಒಬ್ಬರ ಹಿಮಸಾರಂಗ ಎಷ್ಟು ಎಂದು ಇನ್ನೊಬ್ಬರು ಕೇಳುವುದಿಲ್ಲ. ಕೇಳಿದವನು ಪೇಟೆಯವನಾಗಿರಬೇಕು, ಇಲ್ಲವೇ ತೆರಿಗೆಯವನು. ಅವಳ ಹೊಟ್ಟೆಗೆ ಬಟ್ಟೆಗೆ ಸಾಲುತ್ತಿತ್ತು, ರೈಲು ತಿಂದದ್ದನ್ನು ಬಿಟ್ಟರೆ.

ಗಣಿಯ ಊರಿನಿಂದ ನಾರ್ವೆಯ ಬಂದರಿಗೆ ಅದಿರು ಹೊರುವ ರೈಲು ನಮ್ಮ ಚಳಿಗಾಲದ ಮೇವಿನ ನೆಲವನ್ನು ಸೀಳಿಕೊಂಡು ಹೋಗುತ್ತದೆ. ಕಾಡಿನಲ್ಲಿ ಹಿಮ ಎದೆಯಷ್ಟು ಬಿದ್ದಾಗ ಕಾಲಿಡಲು ಗಟ್ಟಿ ಜಾಗವೆಂದರೆ ಹಳಿ ಒಂದೇ. ಹಿಮಸಾರಂಗಗಳು ಹಳಿಗೆ ಇಳಿಯುತ್ತವೆ. ಎರಡೂ ಬದಿಗೆ ಹಿಮದ ಗೋಡೆ, ಹಿಂದಿನಿಂದ ಅದಿರು. ರೈಲು ಹೋದ ಮೇಲೆ ರಾವ್ನಾ ಬಂದೂಕು, ಚಾಕು ಹಿಡಿದು ಹೊರಡುತ್ತಿದ್ದಳು. ಸಾಯದೆ ಒದ್ದಾಡುತ್ತಿದ್ದವಕ್ಕೆ ಗುಂಡು, ಸತ್ತವುಗಳ ಕಿವಿಗೆ ಚಾಕು. ಪ್ರತಿ ಮನೆತನಕ್ಕೂ ಕಿವಿಯಲ್ಲಿ ಕೊಯ್ದ ಗುರುತು ಬೇರೆ ಬೇರೆ. ಕಿವಿ ಇದ್ದರೆ ಮಾತ್ರ ಪ್ರಾಣಿ ಇಂಥವರದು ಎಂದು ರೈಲಿನವರು ಒಪ್ಪಿ ಪರಿಹಾರ ಕೊಡುತ್ತಾರೆ. ಒಂದೊಂದು ಸಲ ಅವಳು ಚೀಲದ ತುಂಬ ಕಿವಿ ಹೊತ್ತು ಮನೆಗೆ ಬಂದದ್ದನ್ನು ನಾನೇ ನೋಡಿದ್ದೇನೆ.

ಆಮೇಲೆ ಕೊರಳಪಟ್ಟಿ ಬಂತು. ಹಿಂಡಿನ ಮುಂದಾಳು ಹೆಣ್ಣುಗಳ ಕೊರಳಿಗೆ ಕಟ್ಟಿದರೆ ಉಪಗ್ರಹದಿಂದ ಫೋನಿಗೆ ಚುಕ್ಕಿ ಬೀಳುತ್ತದೆ, ಚುಕ್ಕಿ ಇದ್ದಲ್ಲಿ ಹಿಂಡು. ಇನ್ನೇನು ರೈಲು ನಿಲ್ಲಿಸಬಹುದು ಎಂದುಕೊಂಡೆವು. ಆದರೆ ಪಟ್ಟಿ ಮಾಡುವ ಕಂಪನಿಗಳು ಮೂರು, ಮೂರರ ಯಂತ್ರಕ್ಕೂ ಮೂರು ಭಾಷೆ, ಒಂದರದು ಇನ್ನೊಂದಕ್ಕೆ ತಿಳಿಯದು. ರೈಲಿನ ನಿಯಂತ್ರಣ ಕೊಠಡಿಯ ಯಂತ್ರಕ್ಕೆ ನಾಲ್ಕನೆಯದು. ಗಡಿ ದಾಟಿದರೆ ನಾರ್ವೆಯವರದು ಐದನೆಯದು. ಒಂದು ಜನವರಿಯಲ್ಲಿ ಅವಳ ಅಡುಗೆಮನೆಯಲ್ಲಿ ಕೂತು ಕೇಳಿದ ಮಾತು ಇದು:

"ಹಲೋ, ನಾನು ರಾವ್ನಾ. ಸುರಂಗದ ಈಚೆ ಹಳಿ ಮೇಲೆ ಹಿಂಡಿದೆ. ರೈಲು ನಿಲ್ಸಿ."

"ನಮ್ಮ ಪರದೆ ಮೇಲೆ ಏನೂ ಕಾಣ್ತಿಲ್ಲ ರಾವ್ನಾ."

"ನನ್ನ ಪರದೆ ಮೇಲೆ ಕಾಣ್ತಿದೆ."

"ಅದು ನಿಮ್ಮ ಪರದೆ. ಅದನ್ನ ನಂಬಿ ರೈಲು ನಿಲ್ಸೋಕೆ ನಮಗೆ ಅಧಿಕಾರ ಇಲ್ಲ."

"ಸರಿ. ಸತ್ತ ಮೇಲೆ ಯಾರ ಪರದೆ ಮೇಲೆ ಹಾಕ್ಬೇಕು ಹೇಳಿ. ಹೆಣ ಅಲ್ಲಿಗೇ ತರ್ತೀನಿ."

ಅತ್ತಲಿನವನು ವಿಷಾದ ವ್ಯಕ್ತಪಡಿಸಿದ. ಸ್ವೀಡನ್ನಿನ ಅಧಿಕಾರಿಗಳು ಎಲ್ಲರನ್ನೂ ಹೆಸರು ಹಿಡಿದು ಆತ್ಮೀಯವಾಗಿ ಕರೆಯುತ್ತಾರೆ, ಕತ್ತು ಕೊಯ್ಯುವಾಗಲೂ.

ಅಷ್ಟರಲ್ಲಿ ಯೂರೋಪಿನ ಒಕ್ಕೂಟದವರು ಹೊಂದಿಕೆ ಕಾನೂನು ಎಂಬುದೊಂದನ್ನು ಮಾಡುತ್ತಿದ್ದಾರೆ ಎಂದು ನಮ್ಮ ಸಂಘಕ್ಕೆ ಸುದ್ದಿ ಬಂತು. ಹೊಲದ ಯಂತ್ರವಿರಲಿ, ಮೀನಿನ ದೋಣಿ ಇರಲಿ, ಪ್ರಾಣಿಯ ಕೊರಳಪಟ್ಟಿ ಇರಲಿ, ಅದು ಕೂಡಿಹಾಕಿದ ಮಾಹಿತಿ ಎಲ್ಲರಿಗೂ ಒಂದೇ ಅಚ್ಚಿನಲ್ಲಿ ಸಿಗಬೇಕು. ಯಾರ ಯಂತ್ರವಾದರೂ ಅದನ್ನು ಓದುವಂತಿರಬೇಕು. ಸರ್ಕಾರಿ ಕಚೇರಿಗಳು ಬೇಡ ಎನ್ನುವಂತಿಲ್ಲ. ಒಕ್ಕೂಟದಲ್ಲಿ ಇಲ್ಲದ ನಾರ್ವೆಯೂ ಇದನ್ನು ಪಾಲಿಸುತ್ತದಂತೆ. ಹಿಮಸಾರಂಗದ ಅಚ್ಚು ಹೇಗಿರಬೇಕು ಎಂದು ನಿಯಮ ಬರೆಯಲು ಸ್ಟಾಕ್‌ಹೋಮಿನ ಇಲಾಖೆಯೊಂದರಲ್ಲಿ ಸಭೆ. ಸಂಘದಿಂದ ಯಾರು ಹೋಗುವುದು ಎಂದಾಗ ಎಲ್ಲರೂ ತಂತಮ್ಮ ಬೂಟು ನೋಡಿಕೊಂಡರು. ರಾವ್ನಾ ಹೋದಳು.

ಹೋದವಳು ಮೇಜಿನ ಮೇಲೆ ಒಂದು ಕಿವಿ ಇಟ್ಟಳು. ರೈಲಿಗೆ ಸಿಕ್ಕಿ ಸತ್ತದ್ದರದು, ಹೆಪ್ಪುಗಟ್ಟಿದ್ದು ಅಲ್ಲಿನ ಸೆಕೆಗೆ ಕರಗಿ ನೀರು ಬಿಡುತ್ತಿತ್ತು.

"ಇದು ನಮ್ಮ ಮಾಹಿತಿ" ಎಂದಳು. "ಇದನ್ನ ಸ್ವೀಡನ್ನವನೂ ಓದ್ತಾನೆ, ನಾರ್ವೆಯವನೂ ಓದ್ತಾನೆ, ಕುಡಿದು ಬಿದ್ದವನೂ ಓದ್ತಾನೆ. ನಿಮ್ಮ ಯಂತ್ರಕ್ಕೆ ಇಷ್ಟು ಬಂದ್ರೆ ಸಾಕು."

ಅವರಿಗೆ ಬಹಳ ಹಿಡಿಸಿತು. ಕಿವಿಯ ಫೋಟೋ ತೆಗೆದರು. ಇಲಾಖೆಯ ಹೊಳೆಯುವ ಕಿರುಹೊತ್ತಗೆಯ ಮುಖಪುಟದಲ್ಲಿ ಕಿವಿ, ಒಳಗೆ ರಾವ್ನಾಳ ನಗುಮುಖ ಬಂತು. ನಿಯಮ ಬರಲಿಲ್ಲ. ಅವಳು ಮತ್ತೆ ಹೋದಳು, ಮತ್ತೆ ಹೋದಳು. ರಾತ್ರಿ ರೈಲಿನಲ್ಲಿ ಕೂತೇ ನಿದ್ದೆ, ಚೀಲದಲ್ಲಿ ಒಣಮಾಂಸ, ಮಂಡಿಗೆ ಎಣ್ಣೆ. ಕೊರಳಪಟ್ಟಿ ಕಂಪನಿಯವರು ನಾಲ್ವರು ವಕೀಲರನ್ನು ತರುತ್ತಿದ್ದರು. ಇವಳು ನನ್ನನ್ನು ಕರೆದುಕೊಂಡು ಹೋಗುತ್ತಿದ್ದಳು. "ನೀನು ಮಾತಾಡ್ಬೇಡ, ಸುಮ್ನೆ ದಪ್ಪಗೆ ಕೂತಿರು" ಎನ್ನುತ್ತಿದ್ದಳು.

ಆ ನಿಯಮವನ್ನು ಬರೆಯುತ್ತಿದ್ದವಳು ಇಲಾಖೆಯ ಯೂಲ್ವಾ ಎಂಬ ಹೆಂಗಸು. ಒಳ್ಳೆಯವಳು. ಇದನ್ನು ನಾನು ಹೊಗಳಿ ಹೇಳುತ್ತಿಲ್ಲ, ಬೈದೂ ಹೇಳುತ್ತಿಲ್ಲ. ಎಲ್ಲರ ಮಾತನ್ನೂ ಬರೆದುಕೊಳ್ಳುತ್ತಿದ್ದಳು. ಕೊನೆಗೂ ನಿಯಮ ಬಂತು. ರಾವ್ನಾ ಕೇಳಿದ್ದೆಲ್ಲ ಅದರಲ್ಲಿತ್ತು. ಒಮ್ಮೆ ಅಚ್ಚಿಗೆ ಬಂದ ಮಾಹಿತಿಯನ್ನು ಬೇರೆ ಇಲಾಖೆಗಳೂ ಬೇರೆ ಕೆಲಸಗಳಿಗೆ ಬಳಸಬಹುದು ಎಂಬ ಕಲಮೂ ಇತ್ತು. ಹೆದ್ದಾರಿಯವರಿಗೂ ಚುಕ್ಕಿ ಕಾಣಲಿ ಎಂದು ನಾವು ಆ ಕಲಮಿಗೆ ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ, ಅಂಗೈ ಕೆಂಪಾಗುವಷ್ಟು.

ಆ ಚಳಿಗಾಲ ರೈಲುಗಳು ನಿಂತವು. ನಿಜವಾಗಿಯೂ ನಿಂತವು. ಹಳಿಯ ಹತ್ತಿರ ಚುಕ್ಕಿ ಬಂದರೆ ನಿಯಂತ್ರಣ ಕೊಠಡಿಯಲ್ಲಿ ಗಂಟೆ ಬಡಿಯುತ್ತಿತ್ತು. ರಾವ್ನಾ ಒಂದು ದಿನ ಹಳಿಯ ಪಕ್ಕದಲ್ಲಿ ಹಿಮದ ಮೇಲೆ ಓಡುವ ಸ್ಕೂಟರ್ ನಿಲ್ಲಿಸಿ, ಅಷ್ಟುದ್ದದ ಅದಿರಿನ ರೈಲು ತನ್ನ ಹಿಂಡಿಗಾಗಿ ಕಾಯುವುದನ್ನು ನೋಡುತ್ತ ಕೂತಳಂತೆ. ಯೂಲ್ವಾ ನೋಡಲು ಬಂದಾಗ ನಮ್ಮಲ್ಲಿ ನೆಂಟರಿಗೆ ಕೊಡುವಂತೆ ಅವಳಿಗೆ ಮೂಳೆಯ ಮಜ್ಜೆ ಕೊಟ್ಟು, ಕಾಫಿಯಲ್ಲಿ ಚೀಸಿನ ಚೂರು ಹಾಕಿ ಕೊಟ್ಟಳು. ನಮ್ಮ ಹೋರಾಟದ ಬದುಕಿನಲ್ಲಿ ಗೆದ್ದದ್ದು ಅದೊಂದೇ. ಗೆಲುವಿನ ರುಚಿ ಗೊತ್ತಿಲ್ಲದವರು ಅದು ಕೆಟ್ಟಿದ್ದರೂ ನುಂಗಿಬಿಡುತ್ತಾರೆ.

ವಸಂತ ಬಂತು. ಹಿಮ ಕರಗಿ ಅಲ್ಲಲ್ಲಿ ನೆಲ ಕಾಣುವಾಗ ಬಸಿರಾದ ಹೆಣ್ಣುಗಳು ರಾಸ್ಸೆವಾಗ್ಗಿಗೆ ಹೋಗುತ್ತವೆ. ಅದು ಗಡಿಯ ಹತ್ತಿರ, ಬೆಟ್ಟಗಳ ನಡುವಿನ ಕಣಿವೆ. ಗಾಳಿ ಕಡಿಮೆ, ಹುಲ್ಲು ಬೇಗ. ತಾಯಿ ಹೆತ್ತ ಜಾಗದಲ್ಲೇ ಮಗಳೂ ಹೆರುತ್ತದೆ. ಆ ದಿನಗಳಲ್ಲಿ ನಮ್ಮವರು ಯಾರೂ ಅಲ್ಲಿಗೆ ಕಾಲಿಡುವುದಿಲ್ಲ. ಹತ್ತಿರದ ದಾರಿಯಲ್ಲಿ ಸ್ಕೂಟರ್ ಓಡಿಸುವುದಿಲ್ಲ, ನಾಯಿ ಬಿಡುವುದಿಲ್ಲ. ಬೆದರಿದ ತಾಯಿ ಒದ್ದೆ ಮರಿಯನ್ನು ಬಿಟ್ಟು ಓಡುತ್ತದೆ, ವಾಪಸ್ ಬರುವುದಿಲ್ಲ. ಜೂನ್ ಕಳೆದು ಮರಿಗಳ ಕಿವಿಗೆ ಗುರುತು ಹಾಕುವಾಗಲೇ ಎಷ್ಟು ಉಳಿದವು ಎಂದು ಗೊತ್ತಾಗುವುದು.

ಹಿಂಡಿನವರ ಕೂಟ ಸೇರಿದಾಗ ಆಂತೆ, ಕೊರಳಪಟ್ಟಿಗಳು ಈ ದಿನಗಳಲ್ಲೂ ಉರಿಯುತ್ತಲೇ ಇರಲಿ, ಬ್ಯಾಟರಿಯೇನೂ ತೀರುವುದಿಲ್ಲ ಎಂದ. ರಾವ್ನಾ ಅವನನ್ನು ಮೇಲಿಂದ ಕೆಳಕ್ಕೆ ನೋಡಿದಳು.

"ನಿನ್ನ ಹೆಂಡ್ತಿ ಹೆರೋವಾಗ ಬಾಗ್ಲಲ್ಲಿ ಬ್ಯಾಟರಿ ಹಿಡ್ಕೊಂಡು ನಿಂತಿದ್ಯೇನೋ?"

"ಅದು ಬೇರೆ ಅಕ್ಕಾ. ಇದು ಬರೀ ಚುಕ್ಕಿ."

"ಚುಕ್ಕಿ ಕಂಡ್ರೆ ನೀನು ನೋಡ್ತೀಯ. ನೋಡಿದ್ರೆ ಚಿಂತೆ ಮಾಡ್ತೀಯ. ಚಿಂತೆ ಮಾಡಿದ್ರೆ ಹೋಗ್ತೀಯ. ನನಗೊತ್ತಿಲ್ವಾ ನಿನ್ ಸಂಗ್ತಿ? ಆರ್ಸಿ ಎಲ್ಲಾನೂ."

ಆರಿಸಿದರು. ಅಲ್ಲಿಂದ ಪ್ರತಿ ವಸಂತ ಏಪ್ರಿಲ್ ಕೊನೆಯಿಂದ ಜೂನ್ ತನಕ ಪಟ್ಟಿಗಳು ಮಲಗಿದವು. ಹಿಂಡಿನವರೆಲ್ಲ ಅದನ್ನು ಒಪ್ಪಿದರು, ಸರಿಯಾದ ಮಾತು ಎಂದರು. ಈಗಲೂ ನಾನು ಸರಿಯೆಂದೇ ಹೇಳುತ್ತೇನೆ.

ನಾಲ್ಕನೆಯ ವರ್ಷ ತಾಮ್ರದ ಕಂಪನಿಯೊಂದು ರಾಸ್ಸೆವಾಗ್ಗಿಯಲ್ಲಿ ಗುಂಡಿ ತೋಡಲು, ಅಲ್ಲಿಗೆ ರಸ್ತೆ ಹಾಕಲು ಅರ್ಜಿ ಹಾಕಿತು. ಮೊದಲಾದರೆ ಇಂಥವರು ಸಮೀಕ್ಷೆಗೆ ಜನ ಕಳಿಸಬೇಕಿತ್ತು, ಆ ಜನ ನಮ್ಮ ಜೊತೆ ಮಾತಾಡಬೇಕಿತ್ತು, ನಾವು ಜಗಳ ಮಾಡಬೇಕಿತ್ತು. ಈಗ ಆ ತಾಪತ್ರಯವಿಲ್ಲ. ಅಚ್ಚಿನಲ್ಲಿ ಮಾಹಿತಿ ಸಿದ್ಧವಿದೆ, ಬೇರೆ ಕೆಲಸಕ್ಕೆ ಬಳಸಲು ಕಾನೂನಿನ ಒಪ್ಪಿಗೆಯಿದೆ. ಕಂಪನಿ ನಾಲ್ಕು ವರ್ಷದ ಚುಕ್ಕಿಗಳನ್ನು ತೆಗೆದು ನಕ್ಷೆ ಬರೆಸಿತು. ಹೆರುವ ತಿಂಗಳುಗಳಲ್ಲಿ ರಾಸ್ಸೆವಾಗ್ಗಿ ಬೆಳ್ಳಗಿತ್ತು. ಹಿಮಸಾರಂಗ: ಸೊನ್ನೆ. ನಾಲ್ಕೂ ವರ್ಷ ಸೊನ್ನೆ.

ನಾವು ಯೂಲ್ವಾಳಿಗೆ ಫೋನ್ ಮಾಡಿದೆವು. ರಾವ್ನಾ ಫೋನನ್ನು ಬ್ರೆಡ್ಡಿನ ತಟ್ಟೆಗೆ ಒರಗಿಸಿ ಎಲ್ಲರಿಗೂ ಕೇಳುವಂತೆ ಇಟ್ಟಳು.

"ಪಟ್ಟಿ ಆರ್ಸಿದ್ವಿ ಯೂಲ್ವಾ. ಅಲ್ಲಿ ಏನೂ ಇಲ್ಲ ಅಂತ ನಾವು ಎಲ್ಲಿ ಹೇಳಿದ್ವಿ? ನಾವು ಏನೂ ಹೇಳೇ ಇಲ್ವಲ್ಲ."

"ನೀವು ಕಳ್ಸಿದ್ದು ಖಾಲಿ. ನಿಜ. ಆದ್ರೆ ಅಚ್ಚಿನಲ್ಲಿ ಯಾವ ಮನೆನೂ ಖಾಲಿ ಬಿಡೋ ಹಾಗಿಲ್ಲ ರಾವ್ನಾ. ಹಳೇ ಯಂತ್ರಗಳು ಖಾಲಿ ಮನೆ ಕಂಡ್ರೆ ನಿಂತೇ ಹೋಗ್ತಿದ್ವು. ಅದಕ್ಕೇ ಖಾಲಿ ಇದ್ದ ಕಡೆ ಸೊನ್ನೆ ತುಂಬಬೇಕು ಅಂತ ಮಾಡಿದ್ವಿ. ರೈಲಿನವರೇ ಕೇಳಿದ್ದು. ಅವ್ರಿಗೆ ಅದು ಸರಿಯಾಗೇ ಇತ್ತು."

"ಗೊತ್ತಿಲ್ಲ ಅನ್ನೋದಕ್ಕೂ ಇಲ್ಲ ಅನ್ನೋದಕ್ಕೂ ನಿಮ್ಮಲ್ಲಿ ಬೇರೆ ಬೇರೆ ಗುರುತು ಇಲ್ವಾ?"

"ಮುಂದಿನ ಆವೃತ್ತಿಯಲ್ಲಿ ಸೇರಿಸ್ತೀವಿ. ನಾನೇ ಬರೀತೀನಿ, ಮಾತು ಕೊಡ್ತೀನಿ. ಆದ್ರೆ ಹಿಂದಿನ ವರ್ಷಗಳಿಗೆ ಅದು ಅನ್ವಯ ಆಗಲ್ಲ."

ರಾವ್ನಾ ಬೆರಳನ್ನು ತುಟಿಯಡಿ ಹಾಕಿದಳು. ಒಳಗಡೆ ಹಿಮವಿರಲಿಲ್ಲ, ಹೊಗೆಸೊಪ್ಪನ್ನು ಬಚ್ಚಲಿಗೆ ಎಸೆದಳು. ಆದರೆ ಮಾತು ಬರಲಿಲ್ಲ. ಯೂಲ್ವಾ ಆ ಕಡೆ ಅಳುತ್ತಿದ್ದಳು ಅನಿಸುತ್ತದೆ. ಅಳುವವರನ್ನು ಬೈಯುವುದು ಕಷ್ಟ, ಸರ್ಕಾರಕ್ಕೆ ಇದು ಗೊತ್ತಿದ್ದರೆ ಅಂಥವರನ್ನೇ ನೇಮಿಸುತ್ತಿತ್ತು.

ಅರ್ಜಿಯ ವಿರುದ್ಧ ನ್ಯಾಯಾಲಯಕ್ಕೆ ಹೋದೆವು. ಅಲ್ಲಿ ಕಂಪನಿಯ ವಕೀಲ ಎಳೆಯವನು, ಮಾತು ಮೆತ್ತಗೆ. ನಮ್ಮ ಹಿಂದಿನ ಬೆಂಚಿನಲ್ಲಿ ಪಕ್ಕದ ಹಿಂಡುಗಳವರೆಲ್ಲ ಬಂದು ಕೂತಿದ್ದರು.

"ಮೇ ತಿಂಗಳಲ್ಲಿ ರಾಸ್ಸೆವಾಗ್ಗಿಯಲ್ಲಿ ಹಿಮಸಾರಂಗಗಳು ಹೆರ್ತವೆ ಅಂತ ನಿಮ್ಮ ವಾದ. ಅಲ್ವಾ ರಾವ್ನಾ?"

"ವಾದ ಅಲ್ಲ. ಹೆರ್ತವೆ."

"ಎಷ್ಟು?"

ಹಿಂದಿನ ಬೆಂಚಿನಲ್ಲಿ ಎಲ್ಲರೂ ಕೆಮ್ಮಿದರು, ಕಿಟಕಿ ನೋಡಿದರು. ಅಷ್ಟು ಹಿಂಡುಗಳವರ ಮುಂದೆ ತನ್ನ ಹೆಣ್ಣುಗಳ ಲೆಕ್ಕ ಹೇಳುವುದೂ ಬಟ್ಟೆ ಬಿಚ್ಚಿ ನಿಲ್ಲುವುದೂ ರಾವ್ನಾಳ ಮಟ್ಟಿಗೆ ಒಂದೇ.

"ಸಾಕಷ್ಟು" ಎಂದಳು.

"ಸಾಕಷ್ಟು ಅಂದ್ರೆ?"

"ನಿಮಗೆ ಸಂಬಳ ಎಷ್ಟು?"

"ಕ್ಷಮಿಸಿ, ಏನಂದ್ರಿ?"

"ಸುಮ್ನೆ ಕೇಳ್ದೆ. ಹೆಂಗನ್ಸುತ್ತೆ?"

ಹಿಂದೆ ನಗು ಎದ್ದಿತು. ನ್ಯಾಯಾಧೀಶೆ ಪೆನ್ನಿನಿಂದ ಮೇಜು ಕುಟ್ಟಿದಳು. ವಕೀಲನೂ ನಕ್ಕ, ಅವನಿಗೆ ಅವಸರವಿರಲಿಲ್ಲ.

"ಸಂಖ್ಯೆ ಬಿಡೋಣ. ಮೇ ತಿಂಗಳಲ್ಲಿ ಆ ಕಣಿವೆಯಲ್ಲಿ ಒಂದು ಹಿಮಸಾರಂಗ ಹೆರೋದನ್ನ ನೀವು ಕಣ್ಣಾರೆ ಕಂಡಿದ್ದೀರಾ?"

"ಇಲ್ಲ."

"ಒಂದ್ಸಲಾನೂ?"

"ಮೇ ತಿಂಗಳಲ್ಲಿ ನಾನು ಅಲ್ಲಿಗೆ ಹೋಗಲ್ಲ. ನಮ್ಮವ್ರು ಯಾರೂ ಹೋಗಲ್ಲ."

"ನಿಮ್ಮ ತಂದೆ? ಅಜ್ಜಿ?"

"ಯಾರೂ ಹೋಗಲ್ಲ ಅಂದ್ನಲ್ಲ."

"ಹಾಗಿದ್ರೆ ಅಲ್ಲಿ ಅವು ಇವೆ ಅಂತ ಹೇಗೆ ಗೊತ್ತು?"

"ನಾವು ಹೋಗ್ದೇ ಇರೋದ್ರಿಂದ್ಲೇ ಅಲ್ಲಿವೆ."

"ನನ್ನ ಪ್ರಶ್ನೆ ಮುಗೀತು" ಎಂದು ವಕೀಲ ಕೂತ. ಕೂರುವಾಗ ರಾವ್ನಾಳ ಕಡೆ ಮರ್ಯಾದೆಯಿಂದ ತಲೆ ಬಾಗಿಸಿದ. ನನಗೆ ಹಳೆಯ ಪೊಲೀಸರೇ ವಾಸಿ ಅನಿಸಿತು. ಅವರು ಒದೆಯುತ್ತಿದ್ದರು, ಒದೆ ಬಿದ್ದ ಜಾಗ ಎಲ್ಲಿ ಎಂದಾದರೂ ಗೊತ್ತಾಗುತ್ತಿತ್ತು.

ಅಲ್ಲಿ ಸೋತೆವು. ಮೇಲಿನ ನ್ಯಾಯಾಲಯ ಒಂದು ದಾರಿ ಬಿಟ್ಟಿತು. ಈ ವಸಂತದ ಮಾಹಿತಿ ತನ್ನಿ, ಕಣಿವೆಯಲ್ಲಿ ಪ್ರಾಣಿಗಳಿದ್ದರೆ ಯೋಚಿಸುತ್ತೇವೆ ಎಂದಿತು. ಅಂದರೆ ಪಟ್ಟಿಗಳನ್ನು ಉರಿಯಲು ಬಿಡಬೇಕು. ಕೂಟ ಮತ್ತೆ ಸೇರಿತು. ಈ ಸಲ ರಾವ್ನಾ ಎದ್ದು ನಿಂತು ನೆಲ ನೋಡುತ್ತ, "ಆರ್ಸೋದು ಬೇಡ" ಎಂದಳು.

ಆಂತೆ ಬಾಯಿ ಮುಚ್ಚಿಕೊಂಡಿರಬಹುದಿತ್ತು. "ಈಗ ಬಾಗ್ಲಲ್ಲಿ ಬ್ಯಾಟರಿ ಹಿಡೀಬಹುದೇನಕ್ಕಾ?" ಎಂದ.

ಅವಳು ಸಿಟ್ಟಾಗಲಿಲ್ಲ. "ಹಿಡೀಬೇಕು ಕಣೋ. ಹಿಡೀದಿದ್ರೆ ಹೆರಿಗೆನೇ ಆಗಿಲ್ಲ ಅಂತಾರೆ" ಎಂದು ಕೂತಳು. ಕಾಫಿ ಆರಿಹೋಗಿತ್ತು, ಅದನ್ನೇ ಕುಡಿದಳು.

ಮೇ ತಿಂಗಳ ಮೊದಲಲ್ಲಿ ನಾನು ಅವಳ ಮನೆಯಲ್ಲಿದ್ದೆ. ಚುಕ್ಕಿಗಳು ಒಂದೊಂದಾಗಿ ಬೆಟ್ಟ ಏರಿ ರಾಸ್ಸೆವಾಗ್ಗಿಯ ಒಳಗೆ ಇಳಿದವು. ಬದುಕಿನಲ್ಲಿ ಮೊದಲ ಸಲ ತನ್ನ ಹೆಣ್ಣುಗಳು ಎಲ್ಲಿ ಹೋಗಿ ಮಲಗುತ್ತವೆ ಎಂದು ಅವಳು ನೋಡಿದಳು. ಒಂದು ತೊರೆಯ ಮೂಲೆಯಲ್ಲಿ, ಮೂರು ಬಂಡೆಯ ಮಗ್ಗುಲಲ್ಲಿ, ಒಂದು ಎಲ್ಲರಿಂದ ದೂರ. "ಅದು ಅಲ್ಲೇ ಹೋಗುತ್ತೆ ಅಂತ ನನಗೆ ಗೊತ್ತಿತ್ತು. ಬಡಿವಾರದ ಹೆಣ್ಣು" ಎಂದಳು. ಮುಖದಲ್ಲಿ ಸಣ್ಣದೊಂದು ಸಂತೋಷ. ಆಮೇಲೆ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ಪಾತ್ರೆ ತೊಳೆಯಲು ಹೋದಳು.

ಆದರೆ ಚುಕ್ಕಿ ಅವಳ ಫೋನಿಗೊಂದೇ ಬರುತ್ತಿರಲಿಲ್ಲ. ಹೊಂದಿಕೆ ಎಂದರೆ ಅದೇ ತಾನೇ. ರೈಲಿನವರಿಗೆ ಕಾಣುತ್ತಿತ್ತು, ಹೆದ್ದಾರಿಯವರಿಗೆ ಕಾಣುತ್ತಿತ್ತು, ಕಂಪನಿಗೂ ಅದೇ ಗಳಿಗೆಯಲ್ಲಿ ಕಾಣುತ್ತಿತ್ತು. ನಾಲ್ಕು ವರ್ಷ ಸೊನ್ನೆ ಇದ್ದಲ್ಲಿ ನ್ಯಾಯಾಲಯ ಕೇಳಿದ ಕೂಡಲೇ ಚುಕ್ಕಿ ಮೂಡಿದರೆ ಅನುಮಾನ ಬರುವುದಿಲ್ಲವೇ ಎಂದು ಅವರು ಬರೆದುಕೊಟ್ಟು, ಸ್ಥಳದಲ್ಲಿ ಪರಿಶೀಲಿಸಲು ಅನುಮತಿ ಪಡೆದರು. ನಮಗೆ ತಿಳಿಸಿದರು ಕೂಡ. ಪತ್ರ ಹೆಲಿಕಾಪ್ಟರಿನ ಮಾರನೆಯ ದಿನ ಬಂತು.

ಹೆಲಿಕಾಪ್ಟರ್ ಮನೆಯ ಮೇಲೆಯೇ ಹಾದುಹೋಯಿತು. ರಾವ್ನಾ ಮೀನು ಹೆರೆಯುತ್ತಿದ್ದಳು. ಸದ್ದು ಯಾವ ಕಡೆಗೆ ಹೋಯಿತು ಎಂದು ಕೇಳಿಸಿಕೊಂಡು ಒದ್ದೆ ಕೈಯಲ್ಲೇ ಫೋನ್ ತಿರುಗಿಸಿದಳು. ಚುಕ್ಕಿಗಳು ಮೊದಲು ಒಟ್ಟಾದವು. ಆಮೇಲೆ ಕಾದ ಬಾಣಲೆಗೆ ನೀರು ಬಿದ್ದಂತೆ ಚದುರಿದವು. ಬಂಡೆಯ ಮಗ್ಗುಲಿನ ಮೂರೂ ಓಡಿದವು, ಬಡಿವಾರದ್ದೂ ಓಡಿತು. ನಾನು, "ಹೋಗೋಣ ನಡಿ" ಎಂದು ಎದ್ದೆ.

"ಕೂತ್ಕೋ" ಎಂದಳು. "ನಾವೂ ಹೋದ್ರೆ ಇನ್ನೂ ದೂರ ಓಡ್ತವೆ."

ಅವಳು ಪೊಲೀಸರಿಗೆ ಫೋನ್ ಮಾಡಿದಳು. ಅನುಮತಿಯಿದೆ ಎಂದರು. ಯೂಲ್ವಾಳಿಗೆ ಮಾಡಿದಳು. ಅವಳು ಬೇರೆ ವಿಭಾಗಕ್ಕೆ ಹೋಗಿದ್ದಾಳೆ ಎಂದರು. ಹೆಲಿಕಾಪ್ಟರ್ ಕಣಿವೆಯ ಉದ್ದಕ್ಕೆ ಹೋಗಿ, ತಿರುಗಿ, ಮತ್ತೆ ಬಂತು. ಎಣಿಸುತ್ತಿದ್ದರು. ಸಂಜೆಯ ಹೊತ್ತಿಗೆ ರಾಸ್ಸೆವಾಗ್ಗಿಯಲ್ಲಿ ಒಂದು ಚುಕ್ಕಿಯೂ ಇರಲಿಲ್ಲ.

ಜೂನ್‌ನಲ್ಲಿ ನಾವಿಬ್ಬರೂ ಕಣಿವೆಗೆ ಇಳಿದೆವು. ನರಿ, ಕಾಗೆ ತಿಂದು ಉಳಿದದ್ದು ಸಿಕ್ಕಿತು. ಸಣ್ಣ ಗೊರಸುಗಳು, ಅಂಗೈ ಅಗಲದ ಚರ್ಮ. ಕಿವಿ ಹುಡುಕಿದೆವು. ಸಿಕ್ಕ ಕಿವಿಗಳಲ್ಲಿ ಗುರುತಿರಲಿಲ್ಲ, ಇರುವುದಕ್ಕೆ ಸಾಧ್ಯವೂ ಇಲ್ಲ, ಮರಿಗಳಿಗೆ ಇನ್ನೂ ಗುರುತು ಹಾಕಿರಲಿಲ್ಲ. ಗುರುತಿಲ್ಲದ ಮರಿ ಕಾನೂನಿನಲ್ಲಿ ಯಾರದೂ ಅಲ್ಲ. ಪಟ್ಟಿ ಇಲ್ಲ, ಗುರುತಿಲ್ಲ, ಯಾವ ಅಚ್ಚಿನಲ್ಲೂ ಅದಕ್ಕೆ ಮನೆಯಿಲ್ಲ. ನಾನು ಫೋಟೋ ತೆಗೆದೆ. "ಯಾಕೆ, ಮುಖಪುಟಕ್ಕಾ?" ಎಂದು ಕೇಳಿದಳು. ನಾನು ಕ್ಯಾಮೆರಾ ಒಳಗಿಟ್ಟೆ.

ತೀರ್ಪು ಶರತ್ಕಾಲದಲ್ಲಿ ಬಂತು. ಆ ವಸಂತ ಪ್ರಾಣಿಗಳು ಕಣಿವೆಗೆ ಬಂದದ್ದು ನಿಜ, ಆದರೆ ಹೆರುವ ಕಾಲದಲ್ಲಿಯೇ ಅಲ್ಲಿಂದ ಹೊರಟುಹೋಗಿರುವುದು ದಾಖಲೆಯಿಂದ ಕಾಣುತ್ತದೆ, ಆದ್ದರಿಂದ ರಾಸ್ಸೆವಾಗ್ಗಿಯನ್ನು ಹೆರಿಗೆಯ ಅನಿವಾರ್ಯ ನೆಲವೆಂದು ಒಪ್ಪಲಾಗದು. ಕಂಪನಿಗೆ ಅನುಮತಿ. ಆದರೆ ಸಾಮಿ ಜನರ ಹಿತ ಕಾಪಾಡಲು ಒಂದು ಷರತ್ತು: ಬಂಡೆ ಸಿಡಿಸುವ ಹೊತ್ತನ್ನು ಕಂಪನಿಯು ಹಿಂಡಿನವರಿಗೆ ಹೊಂದಿಕೆ ಕಾನೂನಿನ ಅಚ್ಚಿನಲ್ಲಿಯೇ ಮುಂಚಿತವಾಗಿ ತಿಳಿಸತಕ್ಕದ್ದು. ಸಂಘದ ಕೆಲವರು ಇದನ್ನು ಸಣ್ಣ ಗೆಲುವು ಎಂದು ಬರೆದರು. ನಾನು ಸಂಘ ಬಿಟ್ಟೆ. ಅದರಿಂದ ಯಾರಿಗೂ ಏನೂ ಆಗಲಿಲ್ಲ.

ರಸ್ತೆ ಒಂದೇ ಬೇಸಿಗೆಯಲ್ಲಿ ಬಂತು. ಬಂಡೆ ಸಿಡಿಸುವುದು ಚಳಿಗಾಲದಲ್ಲಿ ಶುರುವಾಯಿತು. ಸಂದೇಶಗಳು ರಾವ್ನಾಳ ಫೋನಿಗೆ ತಪ್ಪದೆ ಬರುತ್ತವೆ, ಸಾಮಿ ಭಾಷೆಯಲ್ಲೇ. ಈ ಕಾನೂನಿನಲ್ಲಿ ಒಂದು ತಪ್ಪು ಹುಡುಕು ಎಂದರೆ ಈಗ ನನ್ನಿಂದಾಗದು. ಎಲ್ಲ ಯಂತ್ರಗಳೂ ಒಂದಕ್ಕೊಂದು ಚೆನ್ನಾಗಿ ಮಾತಾಡುತ್ತಿವೆ.

ಆದರೆ ಹೆಣ್ಣುಗಳಿಗೆ ತೀರ್ಪು ಗೊತ್ತಿಲ್ಲ. ಹಿಮ ಕರಗಿದರೆ ಅವು ಹಳೆಯ ದಾರಿ ಹಿಡಿಯುತ್ತವೆ. ಗುಂಡಿಯ ಕಡೆ ಹೋದರೆ ಸಾಯುತ್ತವೆ, ಇಲ್ಲವೇ ಅಲ್ಲೇ ಮರಿ ಹಾಕಿ ಬಿಟ್ಟು ಓಡುತ್ತವೆ. ಆದ್ದರಿಂದ ಈ ಮೇ ತಿಂಗಳು ರಾವ್ನಾ ಕಣಿವೆಯ ಬಾಯಿಗೆ ಹೋಗಿ ನಿಂತಳು. ಆಂತೆಗೆ ಬೆನ್ನುನೋವು, ಜೊತೆಗೆ ನಾನು ಹೋದೆ. ಅವಳ ಕೈಯಲ್ಲಿ ಖಾಲಿ ಗೋಣಿ, ಕಾಲ ಬಳಿ ನಾಯಿ.

ಅವು ಬೆಳಗಿನಿಂದಲೇ ಬರತೊಡಗಿದವು. ಹೊಟ್ಟೆ ತೂಗಿಕೊಂಡು, ನಿಧಾನವಾಗಿ, ಒಂದರ ಹೆಜ್ಜೆಯಲ್ಲಿ ಇನ್ನೊಂದು ಹೆಜ್ಜೆ ಇಡುತ್ತ. ರಾವ್ನಾ ಗೋಣಿ ಬೀಸಿದಳು, ನಾಯಿಯನ್ನು ಬಿಟ್ಟಳು, ಗಂಟಲು ಹರಿಯುವಂತೆ ಕೂಗಿದಳು. "ಹೋಗ್ರೇ! ಇಲ್ಲೇನೂ ಇಲ್ಲ, ಹೋಗ್ರೇ!" ಕೆಲವು ಹೆದರಿ ತಿರುಗಿದವು. ಕೆಳಗಿನ ಜೌಗಿನಲ್ಲಿ ಗಾಳಿ ಕೆಟ್ಟದ್ದು, ಆದರೂ ಅಲ್ಲಿಗೆ ಇಳಿದವು. ಒಂದು ಮಾತ್ರ ಹೋಗಲಿಲ್ಲ. ನಾಯಿ ಬೊಗಳಿದರೂ ನಿಂತು ಇವಳನ್ನೇ ನೋಡಿತು. ಆಮೇಲೆ ನಮ್ಮಿಂದ ಕಲ್ಲೆಸೆತದಷ್ಟು ದೂರದಲ್ಲಿ, ಬಯಲಲ್ಲೇ ಮಂಡಿಯೂರಿ ಮಲಗಿತು. ಅದಕ್ಕೆ ಹೊತ್ತು ಬಂದಿತ್ತು.

ರಾವ್ನಾ ಗೋಣಿ ಕೆಳಗೆ ಹಾಕಿ ಬೆನ್ನು ತಿರುಗಿಸಿದಳು. ನಾನೂ ತಿರುಗಿದೆ. ಅವಳ ಜೇಬಿನಲ್ಲಿ ಫೋನ್ ಕುಯ್ಗುಟ್ಟಿತು. ಅವಳು ತೆಗೆದು ಓದಿ ಮತ್ತೆ ಜೇಬಿಗೆ ಹಾಕಿಕೊಂಡಳು.

"ಯಾವಾಗ?" ಎಂದೆ.

"ಈಗ್ಲೇ" ಎಂದಳು.

ನೆಲ ಅದುರಿತು. ಹಿಂದೆ ಗೊರಸಿನ ಸದ್ದಾಯಿತು, ತಿರುಗಿ ನೋಡಿದೆವು. ಮರಿಯ ಮುಂಗಾಲು ಹೊರಗೆ ಜೋತಾಡುತ್ತಿದ್ದ ಹಾಗೆಯೇ ಆ ಹೆಣ್ಣು ಇಳಿಜಾರಿನಲ್ಲಿ ಓಡುತ್ತಿತ್ತು. ನಾಯಿ ಹಾರಲು ಹೋಯಿತು. ರಾವ್ನಾ ಅದರ ಕೊರಳು ಹಿಡಿದು ಹಿಮದಲ್ಲಿ ಕುಸಿದು ಕೂತಳು, ಆ ಹೆಣ್ಣು ಮರೆಯಾಗುವ ತನಕ ಬಿಡಲಿಲ್ಲ. ಕೆಳಗಿನಿಂದ ಇನ್ನೊಂದು ಗುಂಪು ಆಗಲೇ ಹತ್ತಿ ಬರುತ್ತಿತ್ತು. ಅವಳು ನನ್ನ ಕೈ ಹಿಡಿದು ಎದ್ದಳು, ಗೋಣಿ ಎತ್ತಿಕೊಂಡಳು, ಮತ್ತೆ ಕೂಗತೊಡಗಿದಳು.